ಹೊರಗೆ ಹಸಿರು, ಕಣಜ ಖಾಲಿ

ತಾರ್ನಾಕ: ಮಳೆ ಬಂತೆಂದರೆ ನಮಗೆ ಸಂಭ್ರಮ. ಆಫ್ರಿಕಾದ ಅನೇಕ ಹಳ್ಳಿಗಳಲ್ಲಿ ಮಳೆಗಾಲವೇ ಹಸಿವಿನ ಕಾಲ. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ, ಐಐಸಿಟಿ, ಸಿಸಿಎಂಬಿಗಳ ನೆರೆಯಲ್ಲಿ ನೆಲೆಸಿ, ಕೆಲಸದ ಮೇಲೆ ದೇಶ ಸುತ್ತುವ ನಮ್ಮ ಕನ್ನಡಿಗ ಕುಟುಂಬಗಳು ಇದನ್ನು ತಿಳಿದಿರುವುದು ಒಳ್ಳೆಯದು.

ನಗರದ ಇನ್ನೊಂದು ತುದಿಯ ಪಟಾಂಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಜೋಳ, ಸಜ್ಜೆ, ತೊಗರಿ, ಶೇಂಗಾ ಸಂಶೋಧನೆಗೆ ಹೆಸರಾದದ್ದು. ಅದು ಆಫ್ರಿಕಾದಲ್ಲೂ ಕೆಲಸ ಮಾಡುತ್ತದೆ. ನೈಜರ್‌ನ ಸದೋರೆ, ಮಲಾವಿಯ ಚಿಟೆಡ್ಜೆ ಅಂಥ ಸ್ಥಳಗಳು. ನೈಜರ್‌ನಲ್ಲಿ ನಮ್ಮಂತೆಯೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಮಲಾವಿಯಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಇಲ್ಲಿ ನಾವು ಸಂಕ್ರಾಂತಿಯ ಎಳ್ಳುಬೆಲ್ಲ ಬೀರುವಾಗ ಅಲ್ಲಿ ಜಡಿಮಳೆ.

ಮಣ್ಣಿನ ರಸ್ತೆ ಕೆಸರಾಗಿ ಜೀಪು ಹೂತುಹೋಗುವುದುಂಟು. ದಿನಸಿ, ಔಷಧಿ ಮೊದಲೇ ಕೂಡಿಟ್ಟುಕೊಳ್ಳಬೇಕು. ಮಲೇರಿಯಾ ಹೆಚ್ಚುವ ಕಾಲವಾದ್ದರಿಂದ ಸೊಳ್ಳೆಪರದೆ ಬೇಕೇಬೇಕು. ಜ್ವರ ಬಂದರೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಬೇಕು. ಹೊರಗೆ ಒಣಹಾಕಿದ ಬಟ್ಟೆಗೆಲ್ಲ, ಒಳಉಡುಪಿಗೂ, ಬಿಸಿ ಇಸ್ತ್ರಿ ಹಾಕಬೇಕು. ಒದ್ದೆ ಬಟ್ಟೆಯಲ್ಲಿ ಟುಂಬು ನೊಣ ಮೊಟ್ಟೆಯಿಡುತ್ತದೆ. ಅದರ ಹುಳು ಚರ್ಮದೊಳಗೆ ಸೇರಿ ಕುರುವಾಗುತ್ತದೆ.

ಇವು ಹೋದವರ ಕಷ್ಟ. ಊರವರ ಕಷ್ಟ ಬೇರೆ. ಹಳೆಯ ಕಾಳು ಮುಗಿದಿರುತ್ತದೆ, ಹೊಸ ಪೈರು ಇನ್ನೂ ಕೈಗೆ ಬಂದಿರುವುದಿಲ್ಲ. ಕಳೆ ಕೀಳುವ ದುಡಿಮೆಯೂ, ಜ್ವರವೂ, ಸಂತೆಯಲ್ಲಿ ಬೆಲೆಯೇರಿಕೆಯೂ ಒಟ್ಟಿಗೇ ಬರುತ್ತವೆ. ಮಲಾವಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ದಿನಗಳೇ ಕಠಿಣ. ನೈಜರ್‌ನಲ್ಲಿ 2004ರ ಬರ ಮತ್ತು ಮಿಡತೆ ಹಾವಳಿಯ ಫಲವಾಗಿ 2005ರಲ್ಲಿ ಲಕ್ಷಾಂತರ ಜನ ಆಹಾರವಿಲ್ಲದೆ ಬಳಲಿದರು.

ಹೀಗಾಗಿ ಮನೆಗೆಲಸದಾಕೆ, ಕಾವಲುಗಾರ ಆ ತಿಂಗಳುಗಳಲ್ಲಿ ಮುಂಗಡ ಕೇಳಿದರೆ ದುಂದುಗಾರಿಕೆ ಎಂದು ಸಿಡುಕಬಾರದು. ಸುಗ್ಗಿಯಲ್ಲಿ ಬೆಲೆ ಇಳಿದಾಗಲೇ ಒಂದೆರಡು ಚೀಲ ಮೆಕ್ಕೆಜೋಳ ಕೊಂಡಿಟ್ಟು ಮಳೆಗಾಲದಲ್ಲಿ ಅವರಿಗೆ ಕೊಟ್ಟರೆ ಅದೇ ದೊಡ್ಡ ಉಪಕಾರ. ಪೇಟೆಯಲ್ಲಿ ಧಾನ್ಯ ತುಟ್ಟಿಯಾದಾಗ ಕೈಗೆ ಕೊಟ್ಟ ಹಣಕ್ಕೆ ಬರುವುದು ಅಷ್ಟಕ್ಕಷ್ಟೆ.

ಮಲಾವಿಯವರು ದಿನವೂ ಉಣ್ಣುವ ನ್ಸಿಮಾ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೇ. ನಮ್ಮ ರಾಗಿಯ ತವರೂ ಆಫ್ರಿಕಾ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ನಮ್ಮ ರೈತರ ಕಣಜ ತುಂಬಿತು. ಅಲ್ಲಿಗೆ ಹೋಗುವವರು ಆ ಋಣವನ್ನೂ ನೆನೆಯಲಿ.