ಹೆತ್ತವರು, ಸಾಕಿದವರು ಮತ್ತು ಮಗು

ಕರ್ಣನ ಕಥೆಯನ್ನು ಅರಿಯದ ಕನ್ನಡಿಗನಿಲ್ಲ. ಪಂಪನಿಂದ ಮೊದಲುಗೊಂಡು ನಮ್ಮೂರ ತಾಳಮದ್ದಳೆಯ ಅರ್ಥಧಾರಿಗಳವರೆಗೆ ಎಲ್ಲರೂ ಅವನಿಗಾಗಿ ಮರುಗಿದವರೇ. ಆದರೆ ಆ ಕಥೆಯಲ್ಲಿ ನೋಯುವವರು ಮೂವರು: ಹೆತ್ತು ಹೊಳೆಗೆ ಬಿಟ್ಟ ಕುಂತಿ, ಎತ್ತಿ ಸಾಕಿದ ರಾಧೆ, ಇಬ್ಬರ ನಡುವೆ ನಿಂತ ಕರ್ಣ. ದತ್ತು ಎಂಬ ಮಾತು ಬಂದಾಗಲೆಲ್ಲ ಈ ಮೂವರನ್ನೂ ಒಟ್ಟಿಗೆ ನೆನೆಯಬೇಕೆಂದು ನನಗೆ ತೋರುತ್ತದೆ.

ನಮ್ಮ ಸಂತೆಕಟ್ಟೆಯಲ್ಲಿ ‘ಕೃಷ್ಣಾನುಗ್ರಹ ಮಮತೆಯ ತೊಟ್ಟಿಲು’ ಎಂಬ ದತ್ತು ಸಂಸ್ಥೆಯೊಂದಿದೆ. ಹೆದ್ದಾರಿಯಲ್ಲಿ ಬಸ್ಸು ಹತ್ತಿ ಇಳಿಯುವ ನಾವು, ಅಂತಹ ತೊಟ್ಟಿಲಿನಿಂದ ಒಂದು ಮನೆಗೆ ಹೋಗುವ ಮಗುವಿನ ದಾರಿ ಎಂತಹುದೆಂದು ಯೋಚಿಸುವುದು ವಿರಳ.

ಹಿಂದೆ ದತ್ತಕವೆಂದರೆ ವಂಶಕ್ಕೂ ಪಿಂಡಕ್ಕೂ ಒಬ್ಬ ಮಗ ಬೇಕೆಂಬುದೇ ಮುಖ್ಯವಾಗಿತ್ತು. 1956ರ ಹಿಂದೂ ದತ್ತಕ ಕಾಯಿದೆ ಹೆಣ್ಣುಮಗುವಿಗೂ ಆ ಬಾಗಿಲನ್ನು ತೆರೆಯಿತು. 2015ರ ಬಾಲನ್ಯಾಯ ಕಾಯಿದೆಯಂತೂ ಮಗುವಿನ ಹಿತವನ್ನೇ ಮುಂದಿಟ್ಟಿದೆ. 2021ರ ತಿದ್ದುಪಡಿಯ ಬಳಿಕ ಈ ಕಾಯಿದೆಯಡಿ ದತ್ತು ಆದೇಶವನ್ನು ಜಿಲ್ಲಾ ದಂಡಾಧಿಕಾರಿಗಳೇ ಕೊಡುತ್ತಾರೆ.

ಮೊದಲು ಹೆತ್ತವಳನ್ನು ನೋಡೋಣ. ಆಕೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದರೆ, ಮನಸ್ಸು ಬದಲಿಸಲು ಕಾನೂನು ಎರಡು ತಿಂಗಳ ಅವಕಾಶವನ್ನು ಕೊಡುತ್ತದೆ. ಅನಂತರ ಉಳಿಯುವುದು ಮೌನ. ಸಾವಾದ ಮನೆಗೆ ನಾಲ್ಕು ಜನ ಬಂದು ಸಾಂತ್ವನ ಹೇಳುತ್ತಾರೆ. ಇವಳ ಅಗಲಿಕೆಗೆ ಸೂತಕವೂ ಇಲ್ಲ, ಸಾಂತ್ವನವೂ ಇಲ್ಲ. ‘ಮರೆತುಬಿಡು’ ಎನ್ನುವವರೇ ಎಲ್ಲರೂ. ಅವಳನ್ನು ಕಲ್ಲೆದೆಯವಳೆನ್ನುವ ನಾವು, ಬಡತನವನ್ನಾಗಲಿ, ಅಪವಾದದ ಭಯವನ್ನಾಗಲಿ, ಕೈಬಿಟ್ಟು ಹೋದ ಗಂಡಸನ್ನಾಗಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಾಕುವವರಿಗೂ ಸುಖವೊಂದೇ ಅಲ್ಲ. ಹಲವು ದಂಪತಿಗಳು ವರ್ಷಗಟ್ಟಲೆ ಹರಕೆ, ಔಷಧಿಗಳಲ್ಲಿ ಬಳಲಿ ಇಲ್ಲಿಗೆ ಬಂದವರು. ಮಗು ಬಂದ ದಿನವೇ ಆ ಹಳೆಯ ನೋವು ಮಾಯವಾಗದು. ಬಯಸಿ ತಂದ ಮಗುವಿನೆದುರು ದಣಿವಾದರೆ, ಅದನ್ನು ಹೇಳಿಕೊಳ್ಳಲೂ ನಾಚಿಕೆ. ಎಂದಾದರೊಂದು ದಿನ ಮಗು ‘ನೀನು ನನ್ನ ತಾಯಿಯಲ್ಲ’ ಎಂದೀತೆಂಬ ಅಂಜಿಕೆಯೂ ಇರುತ್ತದೆ.

ಇನ್ನು ಮಗು. ತುಸು ಬೆಳೆದ ಮೇಲೆ ಬಂದ ಮಗು ತಿಂಡಿಯನ್ನು ಬಚ್ಚಿಡಬಹುದು, ರಾತ್ರಿ ಬೆಚ್ಚಬಹುದು, ಹಟ ಹಿಡಿದು ‘ಇವರೂ ನನ್ನನ್ನು ಬಿಡುವರೇ?’ ಎಂದು ಪರೀಕ್ಷಿಸಬಹುದು. ಇದು ಕೃತಘ್ನತೆಯಲ್ಲ; ಒಮ್ಮೆ ನೆಲೆ ಕಳೆದುಕೊಂಡ ಮನಸ್ಸಿನ ಎಚ್ಚರಿಕೆ. ಬೆಳೆದಂತೆ ‘ನಾನು ಯಾರ ಹೋಲಿಕೆ? ನನ್ನನ್ನೇಕೆ ಬಿಟ್ಟರು?’ ಎಂಬ ಪ್ರಶ್ನೆಗಳು ಏಳುತ್ತವೆ. ದತ್ತಿನಿಂದ ಹುಟ್ಟಿದ ಮನೆಯ ಸಂಬಂಧವನ್ನು ಕಾನೂನು ಕಡಿದರೂ, ಮೂಲವನ್ನು ತಿಳಿಯಬಯಸುವ ದತ್ತುಮಕ್ಕಳಿಗೆ ನಿಯಮಗಳಲ್ಲಿ ದಾರಿಯಿದೆ; ಆದರೆ ಹೆತ್ತವರ ಗುಟ್ಟನ್ನೂ ಅವು ಕಾಯುತ್ತವೆ.

ಸತ್ಯವನ್ನು ಯಾವಾಗ ಹೇಳಬೇಕು? ಕರ್ಣನಿಗೆ ಅದು ತಿಳಿದದ್ದು ಯುದ್ಧದ ಹೊಸ್ತಿಲಲ್ಲಿ, ಅವನಿಂದ ಏನನ್ನೋ ಬಯಸಿ ಬಂದವರ ಬಾಯಿಂದ. ಆದುದರಿಂದ ಬಲ್ಲವರು ಹೇಳುವುದು ಇಷ್ಟೆ: ಚಿಕ್ಕಂದಿನಿಂದಲೇ, ಸಾಕಿದವರ ಬಾಯಿಂದಲೇ, ಕಥೆ ಹೇಳುವಷ್ಟು ಸಹಜವಾಗಿ ಹೇಳಬೇಕು. ಎಲ್ಲವನ್ನೂ ತಿಳಿದ ಮೇಲೂ ಕರ್ಣನು ರಾಧೇಯನಾಗಿಯೇ ಉಳಿದನೆಂಬುದನ್ನು ಅಂಜುವ ತಾಯ್ತಂದೆಗಳು ನೆನೆಯಲಿ.

ಮಿತ್ರರೇ, ನಮ್ಮ ತರಗತಿಯ ಬೆಂಚುಗಳಲ್ಲೂ ಇಂತಹ ಗೆಳೆಯರು ಇರಬಹುದು. ‘ನಿಜವಾದ ಅಪ್ಪ ಯಾರು?’ ಎಂಬ ನಮ್ಮ ಕುತೂಹಲ ಒಂದು ಮನೆಯ ನೆಮ್ಮದಿಯನ್ನೇ ಕಲಕೀತು. ಅವರಾಗಿ ಹೇಳಿದರೆ ಕೇಳೋಣ. ಹೇಳದಿದ್ದರೆ ಎಲ್ಲರಂತೆ ಅವರೊಡನೆ ಊಟದ ಬುತ್ತಿಯನ್ನು ಹಂಚಿಕೊಳ್ಳೋಣ.