ಆರೋಗ್ಯ ಮಾಪಕಗಳೂ ಲಿಥಿಯಂ ಬ್ಯಾಟರಿಯೂ

ರಕ್ತದೊತ್ತಡ, ರಕ್ತದ ಸಕ್ಕರೆ, ಆಮ್ಲಜನಕದ ಪ್ರಮಾಣಗಳನ್ನು ಮನೆಯಲ್ಲಿಯೇ ನೋಡಿಕೊಳ್ಳುವ ಉಪಕರಣಗಳು ಈಗ ಹಳ್ಳಿಗಳನ್ನೂ ತಲುಪಿವೆ. ಪರದೇಶದಲ್ಲಿರುವ ಮಕ್ಕಳು ಊರಿನ ತಂದೆತಾಯಿಗಳಿಗೆ ಇವನ್ನು ಕಳುಹಿಸುವುದು ವಾಡಿಕೆಯಾಗಿದೆ. ನಾಡಿ ನೋಡುವುದರಲ್ಲಿಯೇ ಆಯುಷ್ಯ ಕಳೆದ ನಾವು ಸಹ, ದಿನನಿತ್ಯದ ಅಂಕಿಗಳನ್ನು ಬರೆದುಕೊಂಡು ಬರುವ ರೋಗಿಗಳನ್ನು ಕಂಡರೆ ಸಂತೋಷಪಡುತ್ತೇವೆ. ಆದರೆ ಆ ಉಪಕರಣದೊಳಗಿನ ಬ್ಯಾಟರಿಯ ವಿಚಾರ ಕೇಳುವವರು ವಿರಳ.

ಲಿಥಿಯಂ ಅಯಾನ್ ಬ್ಯಾಟರಿಯು ಜಜ್ಜಿಹೋದರೆ, ಅಥವಾ ಅದರ ಎರಡು ತುದಿಗಳಿಗೂ ಒಂದೇ ಲೋಹದ ವಸ್ತು ತಗುಲಿದರೆ ಒಳಗೆ ಶಾಖ ಹುಟ್ಟುತ್ತದೆ. ಆ ಶಾಖವೇ ಮತ್ತಷ್ಟು ಶಾಖವನ್ನು ಹೆರುತ್ತ ಪಕ್ಕದ ಬ್ಯಾಟರಿಗೂ ಹರಡುತ್ತದೆ. ತನ್ನನ್ನು ತಾನೇ ಏರಿಸಿಕೊಳ್ಳುವ ಜ್ವರವಿದು. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಯುಪಿಎಸ್ ಸಂಸ್ಥೆಯ ಸರಕು ವಿಮಾನದಲ್ಲಿ, ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ತಗುಲಿ ಇಬ್ಬರು ಚಾಲಕರೂ ಪ್ರಾಣ ಕಳೆದುಕೊಂಡರು.

ಆದಕಾರಣ 2016ರ ಏಪ್ರಿಲ್ 1ರಿಂದ ಪ್ರಯಾಣಿಕ ವಿಮಾನಗಳಲ್ಲಿ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಸರಕಾಗಿ ಸಾಗಿಸುವುದು ನಿಷಿದ್ಧ. ಉಪಕರಣದೊಳಗೆ ಕೂಡಿಸಿದ ಬ್ಯಾಟರಿಗೆ ನಿಬಂಧನೆಗಳೊಡನೆ ಅವಕಾಶವಿದೆ: ಅದು ವಿಶ್ವಸಂಸ್ಥೆಯ 38.3 ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು, ದಾರಿಯಲ್ಲಿ ಉಪಕರಣ ತಾನಾಗಿ ಚಾಲೂ ಆಗದಂತಿರಬೇಕು, ಪೆಟ್ಟಿಗೆ ಗಟ್ಟಿಯಾಗಿರಬೇಕು. ಸಕ್ಕರೆ ಮಾಪಕದೊಳಗೆ ಕುಳಿತ ಗುಂಡಿಯಾಕಾರದ ಪುಟ್ಟ ಸೆಲ್‌ಗೆ ನಿಯಮ ಬಹಳ ಸಡಿಲ.

ಬ್ಯಾಟರಿ ಇದೆಯೆಂದರೆ ತಕರಾರೆಂದು ಪಾರ್ಸೆಲ್ ಮೇಲೆ ‘ಆಟಿಕೆ’ ಎಂದು ಬರೆಯುವವರಿದ್ದಾರೆ. ಇದು ಜಾಣತನವಲ್ಲ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಪೆಟ್ಟಿಗೆ ಅಲ್ಲಿಯೇ ನಿಲ್ಲುತ್ತದೆ, ಇತ್ತ ರೋಗಿ ಕಾಯುತ್ತ ಕೂರುತ್ತಾನೆ. ಸಿಕ್ಕಿಬೀಳದಿದ್ದರೆ ಅಪಾಯವು ವಿಮಾನದಲ್ಲಿರುವವರ ಪಾಲಿಗೆ.

ಸ್ವತಃ ಪ್ರಯಾಣ ಮಾಡುವವರು ಹೆಚ್ಚುವರಿ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಹೊಗೆ ಕಂಡರೆ ಸಿಬ್ಬಂದಿ ಕೂಡಲೇ ನಂದಿಸಬಲ್ಲರು. ತುದಿಗಳಿಗೆ ಟೇಪು ಅಂಟಿಸುವುದು ಒಳಿತು. ಸಾಮಾನ್ಯ ಮಿತಿ 100 ವ್ಯಾಟ್‌-ಗಂಟೆ. ವೋಲ್ಟನ್ನು ಆಂಪಿಯರ್‌-ಗಂಟೆಯಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ: 3.7 ವೋಲ್ಟಿನ, 20 ಆಂಪಿಯರ್‌-ಗಂಟೆಯ ಪವರ್ ಬ್ಯಾಂಕ್ 74 ಆಯಿತು. 100ರಿಂದ 160ರವರೆಗಿನವಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಆಮ್ಲಜನಕ ಯಂತ್ರದೊಡನೆ ಹೊರಡುವ ಶ್ವಾಸರೋಗಿಗಳು ಟಿಕೆಟ್ ಕೊಳ್ಳುವಾಗಲೇ ಇದನ್ನು ವಿಚಾರಿಸತಕ್ಕದ್ದು.

ತೋಳಿಗೆ ಕಟ್ಟುವ ಅನೇಕ ರಕ್ತದೊತ್ತಡ ಮಾಪಕಗಳು ಸಾಮಾನ್ಯ ಪೆನ್ಸಿಲ್ ಸೆಲ್‌ಗಳಿಂದಲೇ ನಡೆಯುತ್ತವೆ. ಅಂಥದನ್ನು ಆರಿಸಿ, ಸೆಲ್ ತೆಗೆದು ಕಳುಹಿಸಿರೆಂದೇ ನಾವು ಮಕ್ಕಳಿಗೆ ಹೇಳುವುದು. ಸೆಲ್ ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.