ಇನ್ನೊಬ್ಬರ ಉಸಿರು ಒತ್ತುವ ಕೈ

ರಾಯಬಾಗ ತಾಲೂಕಿನ ಅಲಖನೂರದಂಥ ಊರುಗಳಲ್ಲಿ ಕರೆಂಟು ಬಂದಾಗಲೇ ಬೆಳೆಗೆ ನೀರು. ರಾತ್ರಿ ಬಂತೆಂದರೆ ರಾತ್ರಿಯೇ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕು. ಕಬ್ಬಿನ ಸಾಲಿನಲ್ಲಿ ನಾಗರಹಾವಿನ ಭಯ. ಮನೆಯಲ್ಲಿ ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವಿನ ಭಯ. ಕಟ್ಟುಹಾವು ಕಚ್ಚಿದರೆ ಹೆಚ್ಚು ನೋವಿರುವುದಿಲ್ಲ, ಬಾವು ಬರುವುದಿಲ್ಲ. ಎಷ್ಟೋ ಸಲ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಬೆಳಗಿನ ಹೊತ್ತಿಗೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲು ಬರುವುದಿಲ್ಲ. ಆಮೇಲೆ ಎದೆ ಏಳುವುದು ನಿಲ್ಲುತ್ತದೆ.

ಆ ಗಳಿಗೆಯಲ್ಲೂ ಕಚ್ಚಿಸಿಕೊಂಡವನ ಶ್ವಾಸಕೋಶ ಗಟ್ಟಿಯಾಗಿಯೇ ಇರುತ್ತದೆ. ಹೃದಯ ಇನ್ನೂ ಬಡಿಯುತ್ತಿರುತ್ತದೆ. ನರದ ಅಪ್ಪಣೆ ಸ್ನಾಯುವಿಗೆ ಮುಟ್ಟುತ್ತಿಲ್ಲ, ಅಷ್ಟೇ. ಅವನ ಬದಲು ಬೇರೆ ಯಾರಾದರೂ ಉಸಿರಾಡಿಸಿದರೆ ಅವನು ಉಳಿಯುತ್ತಾನೆ. ಇದನ್ನು ದಿನನಿತ್ಯದ ಕೆಲಸದಲ್ಲೇ ಕಂಡುಕೊಂಡವರು ಅರಿವಳಿಕೆ ವೈದ್ಯರು. ಮರಾಠಿ ಬೆರೆತ ನಮ್ಮ ಗಡಿಸೀಮೆಯ ಮಾತಿನಲ್ಲಿ ಹೇಳುವುದಾದರೆ ‘ಭೂಲ ಕೊಡೋ ಡಾಕ್ಟರು’.

ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಸವರುತ್ತಿದ್ದ ಕ್ಯುರಾರೆ ಎಂಬ ವಿಷ ಕೂಡ ನಾಗರಹಾವಿನ ವಿಷದಂತೆಯೇ ನರ ಮತ್ತು ಸ್ನಾಯು ಸೇರುವ ಕಡೆ ಅಡ್ಡ ನಿಲ್ಲುತ್ತದೆ. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಅದನ್ನು ಆಪರೇಷನ್ ಕೋಣೆಗೆ ತಂದರು. ಹೊಟ್ಟೆಯ ಸ್ನಾಯು ಸಡಿಲಾದರೆ ಶಸ್ತ್ರವೈದ್ಯರಿಗೆ ಅನುಕೂಲ. ಆದರೆ ಉಸಿರಿನ ಸ್ನಾಯುವೂ ಸಡಿಲಾಗುತ್ತದೆ. ಹಾಗಾಗಿ ಆಪರೇಷನ್ ಮುಗಿಯುವ ತನಕ ರೋಗಿಯ ತಲೆಯ ಹತ್ತಿರ ಕೂತು, ರಬ್ಬರ್ ಚೀಲ ಒತ್ತುತ್ತಾ, ಅವನ ಉಸಿರನ್ನು ತಾವೇ ನಡೆಸುವುದು ಅರಿವಳಿಕೆ ವೈದ್ಯರ ನಿತ್ಯದ ಕೆಲಸವಾಯಿತು. ಆ ಕೆಲಸ ಆಪರೇಷನ್ ಕೋಣೆಯ ಬಾಗಿಲು ದಾಟಿ ಹೊರಗೆ ಬರಲು ಮಾತ್ರ ಇನ್ನೂ ಹತ್ತು ವರ್ಷ ಬೇಕಾಯಿತು.

1952ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಪೋಲಿಯೊ ಅಪ್ಪಳಿಸಿತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿ ಮೊದಲ ಮೂರು ವಾರದೊಳಗೆ, ಉಸಿರಾಟಕ್ಕೆ ಪೆಟ್ಟು ಬಿದ್ದ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಇಡೀ ದೇಹವನ್ನು ಒಳಗಿಟ್ಟು ಉಸಿರಾಡಿಸುವ ‘ಕಬ್ಬಿಣದ ಶ್ವಾಸಕೋಶ’ ಅಲ್ಲಿದ್ದದ್ದು ಒಂದೇ. ಮುಖ್ಯ ವೈದ್ಯ ಲಾಸೆನ್ ಅವರು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರನ್ನು ಕರೆಸಿದರು. ಸತ್ತವರ ರಕ್ತದಲ್ಲಿ ಏರಿದ್ದ ಬೈಕಾರ್ಬನೇಟನ್ನು ಕಂಡು, ರಕ್ತಕ್ಕೆ ಕ್ಷಾರ ಹೆಚ್ಚಾಗಿದೆ ಎಂದು ಅಲ್ಲಿನವರು ಎಣಿಸಿದ್ದರು. ಇಬ್ಸೆನ್‌ಗೆ ಕಂಡದ್ದೇ ಬೇರೆ: ಉಸಿರು ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದಿದೆ. ಆಗಸ್ಟ್ 27ರಂದು, ಇನ್ನೇನು ಹೋದಳು ಎಂಬಂತಿದ್ದ 12 ವರ್ಷದ ಹುಡುಗಿಯ ಗಂಟಲಿನಲ್ಲಿ ರಂಧ್ರ ಮಾಡಿಸಿ, ನಳಿಕೆ ಹಾಕಿ, ಚೀಲ ಒತ್ತತೊಡಗಿದರು. ಹುಡುಗಿ ಉಳಿದಳು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಯಂತ್ರಗಳಿಲ್ಲ, ಹಾಗಾಗಿ ಸುಮಾರು 1,500 ವೈದ್ಯವಿದ್ಯಾರ್ಥಿಗಳು ಪಾಳಿ ಹಚ್ಚಿಕೊಂಡು, ಹಗಲು ರಾತ್ರಿ, ಹಾಸಿಗೆಯ ಪಕ್ಕ ಕೂತು ಕೈಯಿಂದ ಚೀಲ ಒತ್ತಿದರು. ಒಮ್ಮೊಮ್ಮೆ ಒಂದೇ ಹೊತ್ತಿಗೆ 70 ಮಂದಿಯ ಉಸಿರು ಅವರ ಕೈಯಲ್ಲಿತ್ತು. ಒಟ್ಟು ಸುಮಾರು 1,65,000 ಗಂಟೆ. ಇಪ್ಪತ್ತರ ಹರೆಯದ ಹುಡುಗರು, ತಮ್ಮನ್ನೇ ನೋಡುತ್ತಿರುವ ಮಕ್ಕಳ ಕಣ್ಣಿನಲ್ಲಿ ಕಣ್ಣಿಟ್ಟು ಕೂತಿದ್ದರು. ಮರುವರ್ಷ ಇಬ್ಸೆನ್ ಇಂಥ ರೋಗಿಗಳಿಗೆಂದೇ ಬೇರೆ ವಾರ್ಡು ತೆರೆದರು. ಇಂದು ನಾವು ಐಸಿಯು ಎನ್ನುವುದರ ಮೊದಲ ರೂಪ ಅದು.

ಆ ಚೀಲಕ್ಕೆ ಒಂದು ಕೊರತೆಯಿತ್ತು. ಸಿಲಿಂಡರಿನ ಗಾಳಿ ಬಂದರೆ ಮಾತ್ರ ಅದು ತುಂಬುತ್ತಿತ್ತು. ಅದೇ ಕೋಪನ್‌ಹೇಗನ್ನಿನ ಇನ್ನೊಬ್ಬ ಅರಿವಳಿಕೆ ವೈದ್ಯ ಹೆನ್ನಿಂಗ್ ರೂಬೆನ್, ಒತ್ತಿ ಬಿಟ್ಟರೆ ತಾನಾಗಿಯೇ ಉಬ್ಬುವ ಚೀಲಕ್ಕಾಗಿ ತಲೆ ಕೆಡಿಸಿಕೊಂಡರು. ಮೊದಲ ಮಾದರಿಯ ಒಳಗೆ ಅವರು ಕೂರಿಸಿದ್ದು ಸೈಕಲ್ ಚಕ್ರದ ಕಡ್ಡಿಗಳನ್ನು. ಎಂಜಿನಿಯರ್ ಹೋಲ್ಗರ್ ಹೆಸ್ಸೆ ಜೊತೆಯಾದರು. 1956ರಲ್ಲಿ ‘ಆಂಬು ಬ್ಯಾಗ್’ ಹೊರಬಂತು. ಆ ಹೆಸರೇ ಈಗ ಇಂಥ ಎಲ್ಲ ಚೀಲಗಳ ಹೆಸರಾಗಿದೆ. ಯಾರು ತಯಾರಿಸಿದರೂ ನಮ್ಮ ನರ್ಸುಗಳ ಬಾಯಲ್ಲಿ ಅದು ಆಂಬುವೇ.

ಕೈಗೆ ತೆಗೆದುಕೊಂಡರೆ ಸಣ್ಣ ಕುಂಬಳಕಾಯಿಯಷ್ಟಿರುತ್ತದೆ, ಅಂಥ ಭಾರವಿಲ್ಲ. ದೊಡ್ಡವರ ಚೀಲದಲ್ಲಿ ಸುಮಾರು ಒಂದೂವರೆ ಲೀಟರ್ ಗಾಳಿ ಹಿಡಿಯುತ್ತದೆ, ರೋಗಿಗೆ ಬೇಕಾದದ್ದು ಒಂದು ಸಲಕ್ಕೆ ಅರ್ಧ ಲೀಟರಿನಷ್ಟು. ಹಾಗಾಗಿ ಪೂರ್ತಿ ಹಿಂಡಬಾರದು. ಬಾಯಿಯ ಕಡೆ ತೆಳು ರಬ್ಬರಿನ ಒಮ್ಮುಖ ಕವಾಟ. ಒತ್ತಿದಾಗ ಗಾಳಿ ಎದೆಗೆ ಹೋಗುತ್ತದೆ, ಬಿಟ್ಟಾಗ ರೋಗಿಯ ಉಸಿರು ಪಕ್ಕದ ದಾರಿಯಿಂದ ಹೊರಬೀಳುತ್ತದೆ. ಅಷ್ಟರಲ್ಲಿ ಹಿಂದಿನ ಕವಾಟದಿಂದ ಹೊಸ ಗಾಳಿ ಎಳೆದುಕೊಂಡು ಚೀಲ ಮತ್ತೆ ಉಬ್ಬಿರುತ್ತದೆ. ಕಫ ಕಟ್ಟಿದ ಎದೆ ಕೈಗೆ ಬಿಗಿಯಾಗಿ ತಾಗುತ್ತದೆ, ಮುಖದ ಮಾಸ್ಕು ಸರಿದಿದ್ದರೆ ಪೊಳ್ಳೆನಿಸುತ್ತದೆ. ಪಳಗಿದ ಕೈಗೆ ಈ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಆದರೆ ಕೈ ಸೋಲುತ್ತದೆ, ಗಾಬರಿಯಾದರೆ ಒತ್ತುವ ವೇಗ ಹೆಚ್ಚುತ್ತದೆ. ಬೆಂಗಳೂರಿನ ಬಯೋಡಿಸೈನ್ ಇನ್ನೋವೇಶನ್ ಲ್ಯಾಬ್ಸ್‌ನವರು ರೆಸ್ಪಿರ್‌ಏಡ್ ಎಂಬ ಸಾಧನ ಮಾಡಿದ್ದು ಇದಕ್ಕೇ. ಚೀಲವನ್ನು ಕೈಯ ಬದಲು ಯಂತ್ರ ಒತ್ತುತ್ತದೆ. ಅದೇ ನಗರದ ಕೊಯೊ ಲ್ಯಾಬ್ಸ್‌ನ ನಿತೇಶ್ ಕುಮಾರ್ ಜಾಂಗಿರ್ ಮತ್ತು ಸಂಗಡಿಗರು ಉಸಿರಿಗೆ ಒದ್ದಾಡುವ ಎಳೆಗೂಸುಗಳಿಗಾಗಿ ‘ಸಾಂಸ್’ ಕಟ್ಟಿದರು. ಕರೆಂಟು ಹೋದರೆ ಅದನ್ನು ಕೈಯಿಂದಲೂ ನಡೆಸಬಹುದು, ಆ ಜಾಣತನ ನನಗೆ ಬಹಳ ಹಿಡಿಸಿತು. 2020ರ ಕೊರೊನಾ ಕಾಲದಲ್ಲಿ ಮೈಸೂರಿನ ಸ್ಕ್ಯಾನ್‌ರೇ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಬಿಇಎಲ್ 30,000 ವೆಂಟಿಲೇಟರ್ ತಯಾರಿಸಿತು.

ದೊಡ್ಡ ಯಂತ್ರ ಇರುವುದು ದೊಡ್ಡ ಊರಲ್ಲಿ. ಅಲಖನೂರದ ಸುತ್ತಿನವರಿಗೆ ಅದು ಬೆಳಗಾವಿ ಇಲ್ಲವೇ ಮಿರಜ್. 1894ರಲ್ಲಿ ವಿಲಿಯಂ ವಾನ್‌ಲೆಸ್ ಕಟ್ಟಿದ ಮಿಷನ್ ಆಸ್ಪತ್ರೆಯ ಕಾಲದಿಂದಲೂ ಈ ಸೀಮೆಯ ರೋಗಿಗಳು ಮಿರಜಿನ ದಾರಿ ಹಿಡಿದಿದ್ದಾರೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುವುದರಿಂದ ವಿಷನಿರೋಧಕ ಕೊಟ್ಟ ಮೇಲೂ ಉಸಿರು ಮರಳಲು ದಿನಗಳೇ ಬೇಕು, ಅಷ್ಟು ದಿನ ಆ ಯಂತ್ರವೇ ಆಸರೆ. ಆ ಊರು ಮುಟ್ಟುವ ತನಕ, ಗಾಡಿಯಲ್ಲಿ, ಒಂದು ಚೀಲ ಮತ್ತು ಒಂದು ಕೈ. ಸಿಬ್ಬಂದಿಯ ಕೈ ಸೋತಾಗ ಪಕ್ಕದಲ್ಲಿ ಕೂತ ಅಣ್ಣನ ಕೈಗೆ ಚೀಲ ಬರುವುದುಂಟು. ಅವನಿಗೆ ಹೇಳಿಕೊಡುವುದು ಇಷ್ಟೇ: ‘ಸಾವಕಾಶ ಒತ್ತಪಾ. ಈಗ ಬಿಡು. ಎದಿ ಇಳೀತೇನು ನೋಡು. ಐದು ಎಣಿಸು. ಹಾಂ, ಒತ್ತು.’